ಅಳಿಸಿದ ಗೆರೆ, ಅಳಿಯದ ದಂಡ

ಮುಂಗಾರು ಆರಂಭವಾದೊಡನೆ ವರ್ತಕರ ಖರ್ಚಿನ ಪಟ್ಟಿಗೆ ಕೆಲವು ಬಾಬುಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಸರಕಿಗೆ ಹೊದಿಸುವ ಟಾರ್ಪಾಲು, ಗೋದಾಮಿನ ಮಾಡಿನ ದುರಸ್ತಿ, ನೆನೆದು ಕೆಟ್ಟ ಮಾಲಿನ ನಷ್ಟ, ಇವೆಲ್ಲ ನಿರೀಕ್ಷಿತವೇ. ಇವುಗಳ ಸಾಲಿಗೆ ಈಚೆಗೆ ಸದ್ದಿಲ್ಲದೆ ಸೇರಿರುವ ಇನ್ನೊಂದು ಬಾಬು ವಾಹನ ನಿಲುಗಡೆಯ ದಂಡ. ನಿಷೇಧದ ಗೆರೆಯನ್ನು ಕಂಡೂ ವಾಹನ ನಿಲ್ಲಿಸಿದವರು ದಂಡ ತೆರಬೇಕಾದುದು ನ್ಯಾಯವೇ. ಆದರೆ ಮಳೆನೀರು, ಕೆಸರು, ಹೂಳಿನ ಅಡಿಯಲ್ಲಿ ಆ ಗೆರೆಯೇ ಮುಚ್ಚಿಹೋಗಿರುವಾಗ ವಿಧಿಸುವ ದಂಡವನ್ನು ಹೇಗೆ ಸಮರ್ಥಿಸುವುದು?

ರಾಜ್ಯದ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವಂಥದು. ಚರಂಡಿ ಉಕ್ಕಿದಾಗ ಮೊದಲು ಮುಳುಗುವುದು ರಸ್ತೆಯ ಅಂಚು, ಅಂದರೆ ನಿಲುಗಡೆಯ ಗೆರೆ ಎಳೆದಿರುವ ಜಾಗವೇ. ನೀರು ಇಳಿದ ಮೇಲೂ ಕೆಂಪು ಮಣ್ಣಿನ ಪದರ ಅಲ್ಲಿ ಉಳಿದಿರುತ್ತದೆ. ರಾತ್ರಿಯ ಸ್ಥಿತಿ ಇನ್ನೂ ಕಷ್ಟ. ಗೆರೆಯ ಬಣ್ಣದಲ್ಲಿ ಬೆರೆಸಿದ ಸಣ್ಣ ಗಾಜಿನ ಮಣಿಗಳು ವಾಹನದ ಬೆಳಕನ್ನು ಚಾಲಕನತ್ತ ಹಿಂದಿರುಗಿಸುವುದರಿಂದ ಗೆರೆ ಹೊಳೆಯುತ್ತದೆ. ಅವುಗಳ ಮೇಲೆ ನೀರಿನ ಪದರ ನಿಂತೊಡನೆ ಹೊಳಪು ಕುಂದುತ್ತದೆ. ಹೀಗಾಗಿ ಗೆರೆಯ ಅಗತ್ಯ ಹೆಚ್ಚಾಗಿರುವ ವೇಳೆಯಲ್ಲೇ ಅದು ಕಣ್ಣಿಗೆ ಬೀಳದು.

ಇನ್ನು ಕಾನೂನಿನ ನಿಲುವನ್ನು ನೋಡಬಹುದು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 116ರ ಪ್ರಕಾರ ಸಂಚಾರ ಚಿಹ್ನೆಗಳನ್ನು ಸ್ಥಾಪಿಸುವ ಉದ್ದೇಶವೇ ನಿರ್ಬಂಧಗಳನ್ನು ಸಾರ್ವಜನಿಕರ ಗಮನಕ್ಕೆ ತರುವುದು. ಕಡ್ಡಾಯ ಚಿಹ್ನೆಗಳ ಸೂಚನೆಯಂತೆ ವಾಹನ ನಡೆಸುವ ಹೊಣೆಯನ್ನು ಕಲಂ 119 ಚಾಲಕನ ಮೇಲೆ ಹೊರಿಸುತ್ತದೆ. ಈ ಎರಡು ಕಲಂಗಳನ್ನು ಒಟ್ಟಿಗೆ ಓದಿದಾಗ ತಿಳಿಯುವುದಿಷ್ಟು: ತೋರಿಸುವ ಹೊಣೆ ಪ್ರಾಧಿಕಾರದ್ದು, ಪಾಲಿಸುವ ಹೊಣೆ ಚಾಲಕನದ್ದು. ಮೊದಲನೆಯದು ನೆರವೇರದ ಕಡೆ ಎರಡನೆಯದನ್ನು ದಂಡದ ಬಲದಿಂದ ವಸೂಲು ಮಾಡುವುದು ಕಾಯ್ದೆಯ ಆಶಯಕ್ಕೆ ಒಪ್ಪುವ ಮಾತಲ್ಲ.

ಆದರೆ ಇಲ್ಲೊಂದು ವ್ಯತ್ಯಾಸವನ್ನು ವರ್ತಕ ಬಾಂಧವರು ಸ್ಪಷ್ಟವಾಗಿ ಅರಿಯಬೇಕು. ಎಲ್ಲ ನಿಲುಗಡೆ ನಿಷೇಧಗಳೂ ಗೆರೆಯಿಂದ ಹುಟ್ಟಿದವಲ್ಲ. ಪಾದಚಾರಿ ಮಾರ್ಗ, ಪಾದಚಾರಿಗಳು ರಸ್ತೆ ದಾಟುವ ಜಾಗ, ವೃತ್ತ ಹಾಗೂ ಅಡ್ಡರಸ್ತೆಗಳ ಸಮೀಪ, ಬಸ್ ನಿಲ್ದಾಣದ ಬಳಿ, ಆಸ್ಪತ್ರೆ ಮತ್ತು ಶಾಲೆಗಳ ಪ್ರವೇಶದ್ವಾರ, ಇಂಥ ಕಡೆ ವಾಹನ ನಿಲ್ಲಿಸಬಾರದೆಂದು 2017ರ ಮೋಟಾರು ವಾಹನ ಚಾಲನಾ ವಿನಿಯಮಗಳೇ ವಿಧಿಸಿವೆ. ಅಲ್ಲಿ ಗೆರೆ ಕಾಣಲಿಲ್ಲವೆಂಬ ಸಮಜಾಯಿಷಿ ನಿಲ್ಲದು. ವಿವಾದಕ್ಕೆ ಅರ್ಹವಾದದ್ದು ಎರಡನೆಯ ವರ್ಗ ಮಾತ್ರ, ಅಂದರೆ ಗೆರೆಯೋ ಫಲಕವೋ ಇಲ್ಲದಿದ್ದರೆ ವಾಹನ ನಿಲ್ಲಿಸಲು ಅಡ್ಡಿಯೇ ಇರದಿದ್ದ ಜಾಗಗಳು. ಪೇಟೆಬೀದಿಯ ಒಂದು ಬದಿಯ ಹಳದಿ ಗೆರೆ, ಬಿಳಿ ಗೆರೆಯಿಂದ ಗುರುತಿಸಿದ ನಿಲುಗಡೆಯ ಚೌಕ, ಸಮ–ಬೆಸ ದಿನಾಂಕದ ಏರ್ಪಾಡು ಈ ವರ್ಗಕ್ಕೆ ಸೇರುತ್ತವೆ.

ಪುರಾವೆಯ ಪ್ರಶ್ನೆಯೂ ಮುಖ್ಯವಾದುದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167-ಎ ನಿಯಮದಂತೆ ಎಲೆಕ್ಟ್ರಾನಿಕ್ ಸಾಧನದ ಆಧಾರದಲ್ಲಿ ಕಳುಹಿಸುವ ನೋಟಿಸಿನಲ್ಲಿ ಅಪರಾಧದ ಮತ್ತು ನೋಂದಣಿ ಫಲಕದ ಛಾಯಾಚಿತ್ರ, ದಿನಾಂಕ, ವೇಳೆ, ಸ್ಥಳ, ಉಲ್ಲಂಘಿಸಿದ ಕಲಂ ಇವೆಲ್ಲ ಇರಬೇಕು. ನಿಲುಗಡೆಯ ಅಪರಾಧ ಸಾಬೀತಾಗಬೇಕಾದರೆ ವಾಹನದ ಸಂಖ್ಯೆ ಮಾತ್ರ ಕಂಡರೆ ಸಾಲದು, ಅದನ್ನು ನಿಷೇಧಿಸಿದ ಗೆರೆ ಅಥವಾ ಫಲಕವೂ ಅದೇ ಚಿತ್ರದಲ್ಲಿ ಕಾಣಬೇಕು. ಲೆಕ್ಕಪತ್ರದಲ್ಲಿ ವೋಚರಿಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಗೆರೆಯೇ ಕಾಣದ ಚಿತ್ರವೂ ವೋಚರಿಲ್ಲದ ಖರ್ಚಿನಂತೆಯೇ.

ಐನೂರು ರೂಪಾಯಿಗಾಗಿ ಇಷ್ಟು ಚರ್ಚೆ ಬೇಕೇ ಎಂದು ಕೆಲವರು ಕೇಳಬಹುದು. ಕಾಯ್ದೆಯ ಕಲಂ 177ರ ಅಡಿಯಲ್ಲಿ ಮೊದಲ ಅಪರಾಧಕ್ಕೆ 100 ರೂ., ಮರುಕಳಿಸಿದರೆ 300 ರೂ.ವರೆಗೆ ಇದ್ದ ದಂಡದ ಮಿತಿಯನ್ನು 2019ರ ತಿದ್ದುಪಡಿ ಕ್ರಮವಾಗಿ 500 ಮತ್ತು 1,500 ರೂ.ಗೆ ಏರಿಸಿತು. ದಿನಕ್ಕೆ ಹತ್ತಾರು ಅಂಗಡಿಗಳಿಗೆ ಮಾಲು ಇಳಿಸುವ ಸರಬರಾಜುದಾರನಿಗೆ ಇದು ಒಂದು ಸಲಕ್ಕೆ ಮುಗಿಯುವ ಖರ್ಚಲ್ಲ. ಅಲ್ಲದೆ, ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಅವಕಾಶವಿಲ್ಲ. ಅದು ತೆರಿಗೆ ಕಟ್ಟಿ ಉಳಿದ ಲಾಭದಿಂದಲೇ ಹೋಗುವ ಹಣ. ಕಲಂ 200ರ ಪ್ರಕಾರ ರಾಜಿ ಮೊತ್ತ ಪಾವತಿಸಿದೊಡನೆ ಪ್ರಕರಣ ಮುಕ್ತಾಯವಾಗುವುದರಿಂದ ಹೆಚ್ಚಿನವರು ಜಗಳವೇಕೆಂದು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಹಾಗೆ ಕಟ್ಟಿದ ಪ್ರತಿ ದಂಡದೊಂದಿಗೆ ಗೆರೆ ಸರಿಪಡಿಸಬೇಕೆಂಬ ಒತ್ತಡವೂ ಕಡಿಮೆಯಾಗುತ್ತದೆ.

ಇದೇ ಪ್ರಶ್ನೆ ಹಿಮ ಬೀಳುವ ದೇಶಗಳಲ್ಲಿಯೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ನಿಯಮಾವಳಿಯ 18ನೆಯ ವಿಧಿಯು ಸಂಚಾರ ಆದೇಶದ ಬಗ್ಗೆ ರಸ್ತೆ ಬಳಕೆದಾರರಿಗೆ ಸಾಕಷ್ಟು ಮಾಹಿತಿ ದೊರೆಯುವಂತೆ ಚಿಹ್ನೆಗಳನ್ನು ಇಡುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಪ್ರಾಧಿಕಾರವು ಆಕ್ಷೇಪಣೆಯನ್ನು ತಳ್ಳಿಹಾಕಿದರೆ ವಾಹನ ಮಾಲೀಕನು ಸ್ವತಂತ್ರ ನ್ಯಾಯನಿರ್ಣಾಯಕರ ಮುಂದೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಭಾರತದಲ್ಲಿಯೂ 2019ರಲ್ಲಿ ಸೇರಿದ ಕಲಂ 198-ಎ ರಸ್ತೆಯ ವಿನ್ಯಾಸ ಹಾಗೂ ನಿರ್ವಹಣೆಯ ಲೋಪಕ್ಕೆ ಒಂದು ಲಕ್ಷ ರೂ.ವರೆಗೆ ದಂಡ ವಿಧಿಸುತ್ತದೆಯಾದರೂ ಅದು ಅನ್ವಯವಾಗುವುದು ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಾಗ ಮಾತ್ರ. ಅಳಿಸಿದ ಗೆರೆಗೆ ಅಲ್ಲಿ ಉತ್ತರವಿಲ್ಲ.

ವರ್ತಕ ವರ್ಗವೂ ಪೂರ್ತಿ ನಿರ್ದೋಷಿಯಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅಂಗಡಿಯ ಮುಂದಿನ ಗೆರೆಯ ಮೇಲೆ ಮೂಟೆ, ಪೆಟ್ಟಿಗೆಗಳನ್ನು ಒಟ್ಟುವವರು, ಬೆಳಗಿನಿಂದ ಸಂಜೆಯವರೆಗೆ ಸ್ವಂತ ವಾಹನವನ್ನೇ ಅಡ್ಡ ನಿಲ್ಲಿಸಿ ಗಿರಾಕಿಗೆ ಜಾಗವಿಲ್ಲದಂತೆ ಮಾಡುವವರು ಪೇಟೆಯಲ್ಲಿಯೇ ಇದ್ದಾರೆ. ಮಳೆಯ ನೆಪ ಇವರ ರಕ್ಷಣೆಗಲ್ಲ.

ಈ ಹಿನ್ನೆಲೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ನಗರಾಡಳಿತ ಹಾಗೂ ಸಂಚಾರ ಪೊಲೀಸರ ಮುಂದೆ ಮೂರು ಬೇಡಿಕೆಗಳನ್ನು ಇಡುವುದು ಸೂಕ್ತ. ಪೇಟೆಬೀದಿಗಳಲ್ಲಿ ಗೆರೆಯೊಂದನ್ನೇ ನಂಬದೆ ಕಂಬದ ಮೇಲಿನ ಫಲಕವನ್ನೂ ಕಡ್ಡಾಯಗೊಳಿಸಬೇಕು. ಮಳೆಗಾಲದ ಮುನ್ನ ಹಾಗೂ ನಂತರ ಗೆರೆಗಳನ್ನು ಪರಿಶೀಲಿಸಿ ಬಣ್ಣ ಬಳಿಸಬೇಕು. ಗೆರೆ ಅಥವಾ ಫಲಕ ಚಿತ್ರದಲ್ಲಿ ಕಾಣದ ಪ್ರಕರಣಗಳಲ್ಲಿ ದಂಡ ವಿಧಿಸಬಾರದು.

ವರ್ತಕರು ಮಾಡಬೇಕಾದುದೂ ಸರಳವೇ. ದಂಡದ ಸೂಚನೆ ಬಂದ ದಿನವೇ ಸ್ಥಳದ ಛಾಯಾಚಿತ್ರ ತೆಗೆದು, ಮಾಲು ಇಳಿಸಿದ ಬಿಲ್ಲಿನೊಂದಿಗೆ ಕಡತದಲ್ಲಿರಿಸಿ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ತಪ್ಪಿದ್ದರೆ ದಂಡ ತೆರಬೇಕು, ಇಲ್ಲವಾದರೆ ಸುಮ್ಮನೆ ತೆರಬಾರದು. ಕಾಣುವ ಗೆರೆಯನ್ನು ಗೌರವಿಸುವ ವರ್ತಕನಿಗೆ, ಕಾಣದ ಗೆರೆಯ ಬಗ್ಗೆ ಪ್ರಶ್ನಿಸುವ ಹಕ್ಕು ಖಂಡಿತವಾಗಿಯೂ ಇದೆ.