ಗೇಮಿಂಗ್ ಕೇಸ್ ಕೊಳ್ಳುವ ಮುನ್ನ ಗಾಳಿ ನೋಡಿ

ಹನ್ನೆರಡು-ಹದಿಮೂರರ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಬೇಡಿಕೆ ಸಾಮಾನ್ಯ: "ಗೇಮಿಂಗ್ ಪಿಸಿ ನಾವೇ ಜೋಡಿಸೋಣ." ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಎಂಬ ಪಟ್ಟಿ ಅವರ ಬಳಿ ಸಿದ್ಧವಾಗಿರುತ್ತದೆ. ಇವೆಲ್ಲ ಕೂರುವ ಕೇಸ್ ಮಾತ್ರ ಬಣ್ಣದ ದೀಪ ನೋಡಿ ಆಯ್ಕೆಯಾಗುತ್ತದೆ. ನೀವು ಕೈ ಹಾಕಬೇಕಾದದ್ದು ಅಲ್ಲಿ.

ಉದಾಹರಣೆಗೆ, 2020ರಲ್ಲಿ ಬಂದ ಕೋರ್ಸೇರ್ 4000ಡಿ ಏರ್‌ಫ್ಲೋ ಎಂಬ ಮಿಡ್-ಟವರ್ ಕೇಸನ್ನು ತೆಗೆದುಕೊಳ್ಳೋಣ. ಎತ್ತರ 466, ಉದ್ದ 453, ಅಗಲ 230 ಮಿ.ಮೀ. ಮೊದಲು ಟೇಪ್ ಹಿಡಿದು ಮೇಜಿನ ಕೆಳಗಿನ ಜಾಗ ಅಳೆಯಿರಿ. ಒಳಗೆ 305×244 ಮಿ.ಮೀ.ನ ಎಟಿಎಕ್ಸ್ ಮದರ್‌ಬೋರ್ಡ್, 360 ಮಿ.ಮೀ.ವರೆಗಿನ ಗ್ರಾಫಿಕ್ಸ್ ಕಾರ್ಡ್, 170 ಮಿ.ಮೀ. ಎತ್ತರದ ಕೂಲರ್ ಹಿಡಿಸುತ್ತವೆ. ಮುಂದುಗಡೆ ರೇಡಿಯೇಟರ್ ಹಾಕಿದರೆ ಕಾರ್ಡಿನ ಜಾಗ ಕಡಿಮೆಯಾಗುತ್ತದೆ, ನೆನಪಿರಲಿ.

ಎರಡನೆಯದು ಗಾಳಿ. ಆಟದ ಹೊತ್ತಿನಲ್ಲಿ ಒಳಗೆ 400 ವಾಟ್ ಶಾಖ ಹುಟ್ಟುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 2 ಘನ ಮೀಟರ್ ಗಾಳಿ ಹಾದುಹೋದರೆ, ಹೊರಬರುವ ಗಾಳಿ ಕೋಣೆಗಿಂತ ಸುಮಾರು 10 ಡಿಗ್ರಿ ಬಿಸಿ. ಗಾಳಿ ಅರ್ಧವಾದರೆ 20 ಡಿಗ್ರಿ. ಆಗ ಫ್ಯಾನ್‌ಗಳು ಗದ್ದಲ ಮಾಡುತ್ತವೆ. ಬಿಸಿ ಇನ್ನೂ ಏರಿದರೆ ಚಿಪ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. 4000ಡಿ ಹೆಸರಿನಲ್ಲೇ ಮುಂಭಾಗ ಮುಚ್ಚಿದ ಉಕ್ಕಿನ ಮಾದರಿಯೂ ಇದೆ. ಏರ್‌ಫ್ಲೋ ಮಾದರಿಯ ಮುಂಭಾಗ ತೂತುಗಳಿಂದ ಕೂಡಿದೆ. ಗೇಮಿಂಗ್‌ಗೆ ತೂತಿನದನ್ನೇ ಆರಿಸಿ. ಜೊತೆಗೆ ಬರುವುದು 120 ಮಿ.ಮೀ.ನ ಎರಡೇ ಫ್ಯಾನ್. ಬಿಸಿ ಕಾರ್ಡ್ ಹಾಕುವುದಾದರೆ ಮುಂದಕ್ಕೆ ಇನ್ನೊಂದು ಸೇರಿಸಿ. ದೀಪಕ್ಕೆ ಕೊಡುವ ಹಣ ಇದಕ್ಕೆ ಕೊಡಿ.

ಮೂರನೆಯದು ದೂಳು. ಇದರಲ್ಲಿ ದೂಳಿನ ಜರಡಿಗಳನ್ನು ಕಳಚಿ ತೊಳೆಯಬಹುದು. ಗಲ್ಫ್‌ನಲ್ಲಿರುವವರು ಇದನ್ನು ಮರೆಯುವಂತಿಲ್ಲ. ಜರಡಿ ಕಟ್ಟಿಕೊಂಡರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಕೊರತೆಯೂ ಇದೆ. ಮುಂದಿನ ಯುಎಸ್‌ಬಿ ಕಿಂಡಿಗಳು ಎರಡೇ: ಒಂದು ಹಳೆಯ ಅಗಲದ್ದು, ಒಂದು ಟೈಪ್-ಸಿ. ಪಕ್ಕದ ಬಾಗಿಲು ಟೆಂಪರ್ಡ್ ಗಾಜು. ಅದರ ಅಂಚು ಟೈಲ್ಸ್ ನೆಲಕ್ಕೆ ತಗುಲಿದರೆ ಇಡೀ ಗಾಜು ಪುಡಿಯಾಗಬಹುದು. ಕಳಚಿದಾಗ ದಪ್ಪ ಟವೆಲ್ ಮೇಲೆ ಮಲಗಿಸಿಡಿ.

ಇನ್ನು ಈ ಅಂಕಣದ ನಿತ್ಯದ ಚಿಂತೆ. ಈ ವಯಸ್ಸಿಗೆ ನಮ್ಮ ಮಕ್ಕಳೊಡನೆ ಕನ್ನಡ "ಊಟ ಆಯ್ತಾ", "ಹೋಮ್‌ವರ್ಕ್ ಮುಗೀತಾ" ಎಂಬಲ್ಲಿಗೆ ಬಂದು ನಿಂತಿರುತ್ತದೆ. ಅವರಿಗೆ ನಿಜವಾಗಿ ಇಷ್ಟವಾದ ವಿಷಯಗಳೆಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತವೆ. ಹೀಗಿರುವಾಗ ಕನ್ನಡ ಅವರಿಗೆ ವಿಚಾರಣೆಯ ಭಾಷೆಯಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಎರಡು ಮೂರು ಗಂಟೆ ಇಬ್ಬರ ಕೈಗೂ ಕೆಲಸ ಕೊಡುವ ಈ ಪೆಟ್ಟಿಗೆ ಅದಕ್ಕೇ ಒಳ್ಳೆಯ ಅವಕಾಶ.

ಮದರ್‌ಬೋರ್ಡ್‌ಗೆ ಕನ್ನಡ ಪದ ಹುಡುಕುತ್ತ ಕೂರಬೇಡಿ. ನಾಮಪದ ಇಂಗ್ಲಿಷಿನದೇ ಇರಲಿ, ಕ್ರಿಯಾಪದ ಕನ್ನಡದ್ದಿರಲಿ: ತಿರುಪು ಬಿಗಿ ಮಾಡು, ಸಡಿಲ ಬಿಡು, ಕೇಬಲ್ ಸಂದಿಯಲ್ಲಿ ತೂರಿಸು, ಮೆಲ್ಲಗೆ ಒತ್ತು, ಓರೆಯಾಗಿದೆ ನೋಡು. ಯಾವ ಪಠ್ಯಪುಸ್ತಕವೂ ಕಲಿಸದ ಮಾತುಗಳಿವು. ಕೈ ಮಾಡುತ್ತಿರುವಾಗ ಅರ್ಥ ಹೇಳಿಕೊಡಬೇಕಾಗಿಯೂ ಇಲ್ಲ.

ಇನ್ನೊಂದು ಮಾತು. ಈ ವಿಷಯದಲ್ಲಿ ನಿಮಗಿಂತ ಮಗುವಿಗೆ ಹೆಚ್ಚು ಗೊತ್ತಿರುತ್ತದೆ. ಕೇಳಿ ಕಲಿಯಿರಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ತಿದ್ದಬೇಡಿ, ಅದನ್ನೇ ಕನ್ನಡದಲ್ಲಿ ಮರಳಿ ಹೇಳಿ, "ಅಂದರೆ ಗಾಳಿ ಮುಂದಿನಿಂದ ಬಂದು ಹಿಂದೆ ಹೋಗಬೇಕು, ಅಲ್ವಾ?" ಎಂದು ಮುಂದಿನ ತಿರುಪು ಎತ್ತಿಕೊಡಿ. ಯಂತ್ರ ಆನ್ ಆದ ದಿನ ಊರಿನ ಅಜ್ಜ-ಅಜ್ಜಿಗೆ ವಿಡಿಯೊ ಕಾಲ್ ಮಾಡಿ, ಒಳಗೆ ಏನೇನಿದೆ ಎಂದು ತೋರಿಸುವ ಕೆಲಸವನ್ನು ಮಗುವಿಗೇ ಬಿಡಿ.