ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು

ಕಣ್ಣು ಮಿಟುಕಿಸಲು ಎಷ್ಟು ಹೊತ್ತು ಬೇಕು? ಎಷ್ಟು ಚುರುಕಾಗಿ ಮಿಟುಕಿಸಿದರೂ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಹಿಡಿಯುತ್ತದೆ. ಆ ಹತ್ತನೇ ಒಂದು ಭಾಗವನ್ನು ಮತ್ತೆ ಐವತ್ತು ಪಾಲು ಮಾಡಿ ಒಂದೇ ಒಂದು ಪಾಲನ್ನು ಎತ್ತಿಕೊಳ್ಳಿ. ಅದು 0.002 ಸೆಕೆಂಡು. ಇಷ್ಟು ಅಲ್ಪ ಕಾಲದಲ್ಲಿ ಶಬ್ದ ಕೂಡ 70 ಸೆಂಟಿಮೀಟರ್ ದಾಟಲಾರದು. ಆದರೆ 2006ರಲ್ಲಿ ಇಷ್ಟೇ ಹೊತ್ತು ಮೋಟಾರ್‌ಸೈಕಲ್ ಓಟದ ವಿಶ್ವ ಚಾಂಪಿಯನ್ ಪಟ್ಟವನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗಿಸಿತು ಎಂದರೆ ನಂಬುವುದು ಕಷ್ಟ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಹೈಸ್ಕೂಲು ಮಕ್ಕಳೂ ಇದನ್ನು ತಾಳೆ ನೋಡಬಹುದು.

ಮೊದಲು ಆಟದ ನಿಯಮ. ಮೋಟೊಜಿಪಿ ಎಂಬುದು ವರ್ಷವಿಡೀ ದೇಶದಿಂದ ದೇಶಕ್ಕೆ ಸಾಗುವ ಸ್ಪರ್ಧೆಗಳ ಸರಣಿ. 2006ರಲ್ಲಿ ಇಂಥ 17 ಸ್ಪರ್ಧೆಗಳಿದ್ದವು. ಪ್ರತಿ ಸ್ಪರ್ಧೆಯಲ್ಲೂ ಮೊದಲಿಗನಿಗೆ 25 ಅಂಕ, ಎರಡನೆಯವನಿಗೆ 20, ಮೂರನೆಯವನಿಗೆ 16, ನಂತರ 13, 11, 10, 9, 8 ಹೀಗೆ ಇಳಿಯುತ್ತ 15ನೆಯವನಿಗೆ ಒಂದು ಅಂಕ. ವರ್ಷದ ಕೊನೆಗೆ ಯಾರ ಮೊತ್ತ ದೊಡ್ಡದೋ ಅವನೇ ಚಾಂಪಿಯನ್. ಇಬ್ಬರ ಮೊತ್ತ ಸಮವಾದರೆ ಹೆಚ್ಚು ಸ್ಪರ್ಧೆ ಗೆದ್ದವನಿಗೆ ಪಟ್ಟ. ಕೊನೆಯ ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಣದಲ್ಲಿದ್ದ ಇಬ್ಬರು ಮುಖ್ಯರು ಸ್ವಭಾವದಲ್ಲಿ ಉತ್ತರ ದಕ್ಷಿಣ. ಇಟಲಿಯ ವ್ಯಾಲೆಂಟಿನೊ ರೊಸಿ 2001ರಿಂದ 2005ರವರೆಗೆ ಸತತ ಐದು ಬಾರಿ ಈ ಪಟ್ಟ ಗೆದ್ದವನು, ಯಮಹಾ ಸವಾರ. ಅಮೆರಿಕದ ಕೆಂಟಕಿ ರಾಜ್ಯದ ನಿಕಿ ಹೇಡನ್ ಹೋಂಡಾ ಸವಾರ. ಅಬ್ಬರವಿಲ್ಲದೆ ಪ್ರತಿ ವಾರವೂ ಅಂಕ ಕೂಡಿಡುವ ಜಾಯಮಾನ. 11 ಸ್ಪರ್ಧೆಗಳು ಮುಗಿದಾಗ ಹೇಡನ್ 194, ರೊಸಿ 143. ಅಂತರ 51. ರೊಸಿಯ ಕಥೆ ಮುಗಿಯಿತೆಂದೇ ಹಲವರು ತಿಳಿದರು. ಆದರೆ ಮುಂದಿನ ನಾಲ್ಕು ಸ್ಪರ್ಧೆಗಳಲ್ಲಿ ಅವನು ಎರಡನೆಯ, ಮೊದಲನೆಯ, ಮೂರನೆಯ, ಮತ್ತೆ ಎರಡನೆಯ ಸ್ಥಾನ ಪಡೆದ. ಅಂತರ 38ಕ್ಕೆ, 26ಕ್ಕೆ, 21ಕ್ಕೆ, ಕೊನೆಗೆ 12ಕ್ಕೆ ಕುಗ್ಗಿತು. ಉಳಿದದ್ದು ಎರಡೇ ಸ್ಪರ್ಧೆ.

ಅವುಗಳಲ್ಲಿ ಮೊದಲನೆಯದು ಪೋರ್ಚುಗಲ್ ದೇಶದ ಎಸ್ಟೊರಿಲ್‌ನಲ್ಲಿ, ಅಕ್ಟೋಬರ್ 15ರಂದು. ಸುತ್ತಿಗೆ 4.182 ಕಿಲೋಮೀಟರ್, ಒಟ್ಟು 28 ಸುತ್ತು. ಗುಣಿಸಿದರೆ 117 ಕಿಲೋಮೀಟರ್ ಚಿಲ್ಲರೆ. ಐದನೇ ಸುತ್ತಿನಲ್ಲೇ ಅನಾಹುತವಾಯಿತು. ಹೇಡನ್‌ನನ್ನು ಒಳಬದಿಯಿಂದ ದಾಟಲು ನುಗ್ಗಿದ ಒಬ್ಬ ಸವಾರ ಜಾರಿ ಬಿದ್ದು ಅವನನ್ನೂ ಕೆಡವಿದ. ಆ ಸವಾರ ಯಾರೆಂದರೆ ಹೇಡನ್‌ನ ತಂಡದವನೇ ಆದ ಸ್ಪೇನಿನ ಡ್ಯಾನಿ ಪೆಡ್ರೋಸಾ! ಜಲ್ಲಿಯ ಮೇಲೆ ನಿಂತು ಸಿಟ್ಟಿನಿಂದ ಕೈ ಬೀಸುತ್ತಿದ್ದ ಹೇಡನ್‌ನನ್ನು ಟಿ.ವಿ.ಯಲ್ಲಿ ಲೋಕವೆಲ್ಲ ನೋಡಿತು. ಆ ವರ್ಷ ಅವನು ಅಂಕವಿಲ್ಲದೆ ಮನೆಗೆ ಮರಳಿದ್ದು ಅದೊಂದೇ ದಿನ.

ತಪ್ಪು ಯಾರದು ಎಂಬ ಚರ್ಚೆಗಿಂತ ಬಿದ್ದದ್ದು ಹೇಗೆ ಎಂಬುದು ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ. ತಿರುವಿನಲ್ಲಿ ಚಲಿಸುವ ಯಾವ ವಸ್ತುವಿಗೂ ಕೇಂದ್ರಾಭಿಮುಖ ಬಲ ಬೇಕು. 90 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 108 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊಕ್ಕರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ. 900 ಭಾಗಿಸು 90, ಉತ್ತರ 10. ಗುರುತ್ವ ವೇಗೋತ್ಕರ್ಷವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸವಾರ ಮತ್ತು ಬೈಕಿನ ಒಟ್ಟು ತೂಕದಷ್ಟೇ ಬಲ ಪಕ್ಕಕ್ಕೂ ಬೇಕು. ಅದಕ್ಕಾಗಿ ಬೈಕು ಸುಮಾರು 45 ಡಿಗ್ರಿ ವಾಲಬೇಕು. ಈಗಿನ ಸವಾರರು 60 ಡಿಗ್ರಿಗೂ ಮೀರಿ ವಾಲುತ್ತಾರೆ; ಮೊಣಕೈ ನೆಲಕ್ಕೆ ಉಜ್ಜುವುದು ಅದಕ್ಕೇ. ಇಷ್ಟೂ ಬಲವನ್ನು ಕೊಡುವುದು ನೆಲಕ್ಕೆ ತಾಗಿರುವ ಅಂಗೈಯಗಲದ ರಬ್ಬರು ಮಾತ್ರ.

ಆ ರಬ್ಬರಿನ ಹಿಡಿತ ಎಂಬುದು ತಿಂಗಳ ಸಂಬಳದ ಹಾಗೆ. ಇರುವುದು ಇಷ್ಟೇ, ತಿರುಗಲು ಖರ್ಚು ಮಾಡಿದ್ದು ಬ್ರೇಕಿಗೆ ಸಿಗದು. ಆದರೆ ಇಲ್ಲಿ ಕಳೆಯುವ ಲೆಕ್ಕ ನೇರವಾದದ್ದಲ್ಲ, ಎರಡೂ ಬಲಗಳು ಪರಸ್ಪರ ಲಂಬವಾಗಿರುವುದರಿಂದ ಪೈಥಾಗೊರಸ್ ಬರುತ್ತಾನೆ. ಒಟ್ಟು ಹಿಡಿತ 5 ಎಂದಿಟ್ಟುಕೊಂಡು ತಿರುವಿಗೆ 4 ಖರ್ಚಾದರೆ ಬ್ರೇಕಿಗೆ ಉಳಿಯುವುದು 1 ಅಲ್ಲ, 3. ಹದಿನಾರಕ್ಕೆ ಒಂಬತ್ತು ಕೂಡಿದರೆ ಇಪ್ಪತ್ತೈದು. ತಿರುವಿಗೆ 5ನ್ನೂ ಖರ್ಚು ಮಾಡಿದವನಿಗೆ ಬ್ರೇಕಿನ ಪಾಲು ಸೊನ್ನೆ. ಆಗ ಬೆರಳು ಒಂದಿಷ್ಟು ಬಿಗಿಯಾದರೂ ಮುಂಚಕ್ರ ಜಾರುತ್ತದೆ, ಸಾವರಿಸಿಕೊಳ್ಳಲು ವೇಳೆಯಿರುವುದಿಲ್ಲ. ಇದು ವಿಶ್ವ ಚಾಂಪಿಯನ್ನರಿಗೆ ಮಾತ್ರ ಅನ್ವಯಿಸುವ ನಿಯಮವೆಂದು ಯಾರೂ ಭಾವಿಸಬೇಕಿಲ್ಲ. ಮೊದಲ ಮಳೆ ಬಿದ್ದ ಸಂಜೆ, ಸರ್ಕಲ್ ಬಳಿ ತಿರುಗುತ್ತಿರುವಾಗಲೇ ಮುಂದಿನ ಬ್ರೇಕ್ ಹಿಡಿದು ಮೊಣಕಾಲು ಕೆತ್ತಿಸಿಕೊಂಡು ಬರುವ ಕಾಲೇಜು ಹುಡುಗರಿಗೂ ಇದೇ ಲೆಕ್ಕ. ಒದ್ದೆ ರಸ್ತೆಯಲ್ಲಿ ಆ 5 ಎಂಬುದು 3ಕ್ಕೋ 2ಕ್ಕೋ ಇಳಿದಿರುತ್ತದೆ, ಅಷ್ಟೇ ವ್ಯತ್ಯಾಸ. ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಬ್ರೇಕ್ ಹಿಡಿದು ಮುಗಿಸಬೇಕೆಂದು ಹಿರಿಯರು ಹೇಳುವುದರಲ್ಲಿ ಪೈಥಾಗೊರಸ್ ಅಡಗಿದ್ದಾನೆ.

ಎಸ್ಟೊರಿಲ್‌ಗೆ ಮರಳಿದರೆ, ಹೇಡನ್ ಹೊರಬಿದ್ದ ಮೇಲೆ ರೊಸಿಗೆ ದಾರಿ ಸಲೀಸಾಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಸ್ಪೇನಿನ ಟೋನಿ ಎಲಿಯಾಸ್ ಎಂಬ ಯುವಕ ಬೆನ್ನು ಬಿಡಲಿಲ್ಲ. ಅಲ್ಲಿಯವರೆಗೆ ಈ ದರ್ಜೆಯಲ್ಲಿ ಒಂದು ಸ್ಪರ್ಧೆಯನ್ನೂ ಗೆಲ್ಲದವನು. ಕೊನೆಯ ಸುತ್ತು, ಕೊನೆಯ ತಿರುವು, ಅದರಾಚೆಗೆ ನೇರದಾರಿ. ವೇಗ ಎರಡರಷ್ಟಾದರೆ ಗಾಳಿಯ ಪ್ರತಿರೋಧ ನಾಲ್ಕರಷ್ಟಾಗುತ್ತದೆ. ಮುಂದಿರುವವನು ಆ ಗಾಳಿಯನ್ನು ಸೀಳುತ್ತಾನೆ. ಬೆನ್ನಿಗೆ ಅಂಟಿಕೊಂಡು ಬರುವವನಿಗೆ ತೆಳುವಾದ ಗಾಳಿ ಸಿಗುತ್ತದೆ, ಅಷ್ಟೇ ಎಂಜಿನ್ನಿಗೆ ಹೆಚ್ಚು ವೇಗ ಬರುತ್ತದೆ. ಎಲಿಯಾಸ್ ರೊಸಿಯ ಮರೆಯಿಂದ ಪಕ್ಕಕ್ಕೆ ಸರಿದ. ಗೆರೆ ದಾಟುವಾಗ ಇಬ್ಬರೂ ಜೊತೆಜೊತೆ. ಕಣ್ಣಿಗೆ ಏನೂ ತಿಳಿಯುವಂತಿರಲಿಲ್ಲ. ಗಡಿಯಾರ ಹೇಳಿತು: ಎಲಿಯಾಸ್ ಮೊದಲು, ರೊಸಿ 0.002 ಸೆಕೆಂಡು ಹಿಂದೆ.

ಗೆರೆಯ ಬಳಿ ವೇಗ ಗಂಟೆಗೆ 216 ಕಿಲೋಮೀಟರ್ ಇತ್ತೆಂದು ಲೆಕ್ಕದ ಅನುಕೂಲಕ್ಕೆ ಹಿಡಿಯಿರಿ. ಸೆಕೆಂಡಿಗೆ 60 ಮೀಟರ್ ಆಯಿತು. 0.002ರಿಂದ ಗುಣಿಸಿದರೆ 12 ಸೆಂಟಿಮೀಟರ್. ಜ್ಯಾಮಿಟ್ರಿ ಬಾಕ್ಸಿನ ಸ್ಕೇಲಿಗಿಂತ ಕಡಿಮೆ! 117 ಕಿಲೋಮೀಟರ್, 46 ನಿಮಿಷ ಓಡಿದ ಮೇಲಿನ ಅಂತರ ಇದು. ಒಟ್ಟು ಸಮಯದ ಸುಮಾರು 14 ಲಕ್ಷದಲ್ಲಿ ಒಂದು ಪಾಲು.

ಇದನ್ನು ಅಳೆಯುವುದು ಹೇಗೆ? ಸ್ಟಾಪ್‌ವಾಚ್ ಹಿಡಿದ ಮನುಷ್ಯ ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಬೈಕು 12 ಮೀಟರ್ ಮುಂದೆ. ಅಳೆಯಬೇಕಾದ್ದಕ್ಕಿಂತ ನೂರು ಪಟ್ಟು ದೊಡ್ಡ ತಪ್ಪು. ಹಾಗಾಗಿ ಪ್ರತಿ ಬೈಕಿಗೂ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಪ್ರೇಷಕವನ್ನು ಕಟ್ಟಿರುತ್ತಾರೆ. ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ. ಗೆರೆಯ ಕೆಳಗೆ ಹುದುಗಿಸಿದ ತಂತಿಯ ಮೇಲೆ ಅದು ಹಾದಾಗ ಸಂಕೇತ ದಾಖಲಾಗುತ್ತದೆ. ಅನುಮಾನ ಬಂದರೆ ಫೋಟೊ ಫಿನಿಷ್ ಕ್ಯಾಮರಾ ಇದೆ. ಯಾರ ಮುಂಚಕ್ರದ ತುದಿ ಮೊದಲು ಗೆರೆ ಮುಟ್ಟಿತೋ ಅವನು ಗೆದ್ದಂತೆ. ಅದೂ ಸಮವೆಂದು ಕಂಡರೆ ಆ ಸ್ಪರ್ಧೆಯಲ್ಲಿ ಅತಿ ವೇಗದ ಸುತ್ತು ಯಾರದೆಂದು ನೋಡುತ್ತಾರೆ. 1975ರಲ್ಲಿ ಹಾಲೆಂಡಿನ ಅಸೆನ್‌ನಲ್ಲಿ ಬ್ಯಾರಿ ಶೀನ್ ಮತ್ತು ಜಿಯಾಕೊಮೊ ಅಗಸ್ಟೀನಿ ಹೀಗೇ ಜೊತೆಯಾಗಿ ಬಂದಾಗ ದಾಖಲೆಯಲ್ಲಿ ಇಬ್ಬರಿಗೂ ಒಂದೇ ಸಮಯ ಬಿತ್ತು, ಶೀನ್ ಗೆದ್ದನೆಂದು ಸಾರಲಾಯಿತು. ನಿಜಕ್ಕೂ ಸಮಯ ಒಂದೇ ಆಗಿತ್ತು ಎಂದಲ್ಲ, ಅಂದಿನ ಅಳತೆಗೋಲಿನಲ್ಲಿ ಅಷ್ಟು ಸಣ್ಣ ಗೀಟುಗಳಿರಲಿಲ್ಲ.

ಎಲಿಯಾಸ್‌ಗೆ 25, ರೊಸಿಗೆ 20. ಐದಂಕ ಹೋದದ್ದನ್ನು ಅಂದು ಯಾರೂ ದೊಡ್ಡದು ಮಾಡಲಿಲ್ಲ. ರೊಸಿ 244, ಹೇಡನ್ 236. ಎಂಟು ಅಂಕ ಮುನ್ನಡೆ, ಒಂದೇ ಸ್ಪರ್ಧೆ ಬಾಕಿ. ಅದರಲ್ಲಿ ಹೇಡನ್ ಗೆದ್ದರೂ ರೊಸಿಗೆ ಎರಡನೇ ಸ್ಥಾನ ಸಾಕಾಗಿತ್ತು.

ಅಕ್ಟೋಬರ್ 29, ಸ್ಪೇನಿನ ವೆಲೆನ್ಸಿಯಾ. ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟರೂ ರೊಸಿಗೆ ಆರಂಭ ಕೈಕೊಟ್ಟಿತು. ಹಲವರ ಹಿಂದೆ ಸಿಲುಕಿದ. ಕಳೆದುಕೊಂಡದ್ದನ್ನು ಬೇಗ ಹಿಡಿಯುವ ಆತುರ. ಇಲ್ಲೂ ಐದನೇ ಸುತ್ತು! ಮುಂಚಕ್ರದ ಹಿಡಿತ ತಪ್ಪಿತು, ಐದು ಬಾರಿಯ ಚಾಂಪಿಯನ್ ನೆಲದ ಮೇಲೆ ಜಾರುತ್ತ ಹೋದ. ಬೈಕನ್ನು ಎತ್ತಿ ನಿಲ್ಲಿಸಿ ಮತ್ತೆ ಹೊರಟು 13ನೆಯವನಾಗಿ ಮುಗಿಸಿದ, 3 ಅಂಕ. ಗೆದ್ದವನು ಗಾಯಾಳುವೊಬ್ಬನ ಬದಲಿಗೆ ಆ ಒಂದು ಸ್ಪರ್ಧೆಗೆಂದು ಬಂದಿದ್ದ ಆಸ್ಟ್ರೇಲಿಯದ ಟ್ರಾಯ್ ಬೇಲಿಸ್; ಎರಡನೆಯವನು ಅವನ ಡುಕಾಟಿ ಜೊತೆಗಾರ ಲೋರಿಸ್ ಕ್ಯಾಪಿರೋಸಿ. ಹೇಡನ್ ಮೂರನೆಯವನು, 16 ಅಂಕ. ಎರಡು ವಾರದ ಹಿಂದೆ ಅವನನ್ನು ಕೆಡವಿದ್ದ ಪೆಡ್ರೋಸಾ ಈ ಸಲ ಅವನ ಹಿಂದೆಯೇ ನಾಲ್ಕನೆಯವನಾಗಿ ಬಂದ. ಅಂತಿಮ ಮೊತ್ತ: ಹೇಡನ್ 252, ರೊಸಿ 247. ಹೆಲ್ಮೆಟ್ಟಿನೊಳಗೆ ಹೇಡನ್ ಅಳುತ್ತಿದ್ದ. ರೊಸಿ ಅವನ ಬಳಿಗೆ ಬಂದು ಅಭಿನಂದಿಸಿದ. ಹಾಗೆ ಮಾಡದಿದ್ದರೂ ಆ ದಿನ ಯಾರೂ ಅವನನ್ನು ದೂರುತ್ತಿರಲಿಲ್ಲ.

ಅಂತರ ಐದು. ಎಸ್ಟೊರಿಲ್‌ನ 12 ಸೆಂಟಿಮೀಟರ್ ರೊಸಿಯ ಕಡೆಗಿದ್ದಿದ್ದರೆ ಅವನಿಗೆ ಇನ್ನೂ ಐದಂಕ, 252ಕ್ಕೆ 252. ಆ ವರ್ಷ ಹೇಡನ್ ಗೆದ್ದದ್ದು ಎರಡು ಸ್ಪರ್ಧೆ, ರೊಸಿ ಐದು. ಎಸ್ಟೊರಿಲ್ ಸೇರಿದ್ದರೆ ಆರು. ಪಟ್ಟ ರೊಸಿಗೇ ಹೋಗುತ್ತಿತ್ತು.

ಅಭಿಮಾನಿಗಳು ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಗಣಿತ ನಿಲ್ಲಿಸಬಾರದು. ಜೂನ್ ತಿಂಗಳ ಅಸೆನ್ ಸ್ಪರ್ಧೆಯನ್ನು ನೋಡಿ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ರೊಸಿಯ ತಂಡದ ಕಾಲಿನ್ ಎಡ್ವರ್ಡ್ಸ್ ಮುಂದಿದ್ದ. ಗೆರೆ ಕಣ್ಣೆದುರಿಗಿರುವಾಗ ಬಿದ್ದ, ಹೇಡನ್ ಗೆದ್ದ. ಎಡ್ವರ್ಡ್ಸ್ ಬೀಳದೆ ಗೆದ್ದಿದ್ದರೆ ಹೇಡನ್‌ಗೆ 20 ಮಾತ್ರ, ಮೊತ್ತ 247. ಅಂತಿಮ ಅಂತರ ಇನ್ನಷ್ಟು ಕುಗ್ಗುತ್ತಿತ್ತು. ಫ್ರಾನ್ಸಿನಲ್ಲಿ ಮುಂದಿದ್ದ ರೊಸಿಯ ಎಂಜಿನ್ ಕೆಟ್ಟು ನಿಂತಿತ್ತು. ಮಾರ್ಚಿಯಲ್ಲಿ ನಡೆದ ವರ್ಷದ ಮೊತ್ತಮೊದಲ ಸ್ಪರ್ಧೆಯ ಮೊದಲ ತಿರುವಿನಲ್ಲೇ ಒಬ್ಬ ಬಂದು ಡಿಕ್ಕಿ ಹೊಡೆದು ರೊಸಿಯನ್ನು ಕೆಡವಿದ್ದ. ಎದ್ದು ಓಡಿ 14ನೆಯವನಾಗಿ 2 ಅಂಕ ಪಡೆದಿದ್ದ. ಡಿಕ್ಕಿ ಹೊಡೆದವನು ಟೋನಿ ಎಲಿಯಾಸ್! ಇನ್ನು ಹೇಡನ್‌ನ ಕಡೆಯಿಂದ ಕೇಳಿದರೆ, ಪೆಡ್ರೋಸಾ ಕೆಡವದೇ ಇದ್ದಿದ್ದರೆ ಈ 0.002 ಸೆಕೆಂಡಿನ ಮಾತೇ ಹುಟ್ಟುತ್ತಿರಲಿಲ್ಲ. ಕೂಡುವ ಲೆಕ್ಕದಲ್ಲಿ ಮಾರ್ಚಿಯ ಅಂಕಕ್ಕೂ ಅಕ್ಟೋಬರಿನ ಅಂಕಕ್ಕೂ ಬೆಲೆ ಒಂದೇ, ಕೊನೆಯದು ಮಾತ್ರ ನೆನಪಿನಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ಅರ್ಧ ಅಂಕಕ್ಕೆ ರ‍್ಯಾಂಕ್ ತಪ್ಪಿತೆಂದು ಒಂದೇ ಪತ್ರಿಕೆಯ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಹಳಿಯುವ ಮನೆಗಳಿಗೆ ಇದು ಹೊಸದೇನೂ ಅಲ್ಲ.

ಎಲಿಯಾಸ್ ಆ ದರ್ಜೆಯಲ್ಲಿ ಮತ್ತೆಂದೂ ಗೆಲ್ಲಲಿಲ್ಲ. 2010ರಲ್ಲಿ ಕೆಳಗಿನ ಮೋಟೊ2 ದರ್ಜೆಯ ಚಾಂಪಿಯನ್ ಆದ. ರೊಸಿ 2008, 2009ರಲ್ಲಿ ಪಟ್ಟವನ್ನು ಮರಳಿ ಪಡೆದು 2021ರ ಕೊನೆಯವರೆಗೂ ಓಡಿದ. ಹೇಡನ್‌ಗೂ ಮೋಟೊಜಿಪಿಯಲ್ಲಿ 2006ರ ನಂತರ ಇನ್ನೊಂದು ಗೆಲುವು ಸಿಗಲಿಲ್ಲ. 2017ರ ಮೇ ತಿಂಗಳಲ್ಲಿ ಇಟಲಿಯ ರಿಮಿನಿ ಸಮೀಪ ಸೈಕಲ್ ತುಳಿಯುತ್ತಿದ್ದಾಗ ಕಾರು ಬಡಿದು, ಐದು ದಿನಗಳ ಬಳಿಕ ತೀರಿಕೊಂಡ. ವಯಸ್ಸು 35.

ಅವನ ಬೈಕಿನ ಸಂಖ್ಯೆ 69. ಅದು ತಂದೆ ಅರ್ಲ್ ಹೇಡನ್ ಓಡಿಸುತ್ತಿದ್ದ ಕಾಲದ ಸಂಖ್ಯೆ. ಬೈಕು ತಲೆಕೆಳಗಾಗಿ ಬಿದ್ದಾಗಲೂ ಅದನ್ನು ಸರಿಯಾಗಿ ಓದಬಹುದು ಎಂಬುದು ಆ ಮನೆಯವರ ತಮಾಷೆ. 2019ರಿಂದ ಮೋಟೊಜಿಪಿಯಲ್ಲಿ ಆ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡುತ್ತಿಲ್ಲ.