ಗಣಿಯ ಪೂರ್ಣ ಲೆಕ್ಕ

ನೆಲದೊಳಗೆ ತೋಡುವ ಗಣಿಯು ಕಣ್ಣಿಗೆ ಬೀಳುವುದಿಲ್ಲ. ಆದಕಾರಣವೇ ಅದು ನಿರಪಾಯಕರವೆಂದು ಜನರನ್ನು ನಂಬಿಸುವುದು ಸುಲಭವಾಗಿದೆ. ಇಂಗ್ಲೆಂಡಿನ ವಾಯವ್ಯ ತೀರದ ಕಂಬ್ರಿಯಾ ಪ್ರಾಂತದಲ್ಲಿ, ವೈಟ್‌ಹೇವನ್ ಪಟ್ಟಣದ ಬಳಿ ತೋಡಬೇಕೆಂದಿದ್ದ ಕಲ್ಲಿದ್ದಲ ಗಣಿಯೊಂದರ ವೃತ್ತಾಂತವು ಈ ನಂಬಿಕೆಯನ್ನು ಒರೆಗೆ ಹಚ್ಚಿದೆ. 2022ನೆಯ ಡಿಸೆಂಬರ್ 7ರಂದು ಅಲ್ಲಿಯ ಸರಕಾರವು ಅನುಮತಿಯನ್ನಿತ್ತಿತು. 2024ನೆಯ ಸೆಪ್ಟೆಂಬರ್ 13ರಂದು ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. 2025ರಲ್ಲಿ ಕಂಪೆನಿಯು ತನ್ನ ಅರ್ಜಿಯನ್ನೇ ಹಿಂದಕ್ಕೆ ಪಡೆಯಿತು. ದೂರದೇಶದ ಈ ವ್ಯಾಜ್ಯದಿಂದ ನಮಗೇನು ಎಂದು ವಾಚಕರು ಕೇಳಬಹುದು. ಮೊದಲು ಸಂಗತಿಯನ್ನು ಅರಿತರೆ ಉತ್ತರವು ತಾನಾಗಿ ದೊರೆಯುವುದು.

ಯೋಜನೆಯು ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇದ್ದಿತು. ಮುಚ್ಚಿಹೋದ ರಾಸಾಯನಿಕ ಕಾರ್ಖಾನೆಯೊಂದರ ಪಾಳು ನೆಲದಲ್ಲಿ ಮೇಲಿನ ಕಟ್ಟಡಗಳು, ಅಲ್ಲಿಂದ ಇಳಿಜಾರು ಸುರಂಗಗಳ ಮೂಲಕ ಐರಿಷ್ ಸಮುದ್ರದ ತಳದವರೆಗೆ ಅಗೆತ, ವರ್ಷಕ್ಕೆ 27.8 ಲಕ್ಷ ಟನ್ನಿನಷ್ಟು, ಉಕ್ಕಿನ ಕುಲುಮೆಗೆ ಬೇಕಾಗುವ ಕಲ್ಲಿದ್ದಲು. ಅದನ್ನು ಹೂತ ಸಾಗಣೆಪಟ್ಟಿಯ ಮೇಲೆ ರೈಲು ಹಾದಿಗೂ, ರೈಲಿನಿಂದ ಪೂರ್ವತೀರದ ರೆಡ್‌ಕಾರ್ ಬಂದರಿಗೂ ಒಯ್ಯುವ ಏರ್ಪಾಡು. 2049ಕ್ಕೆ ಗಣಿಯ ಮುಕ್ತಾಯ. ಸಮೀಪದಲ್ಲಿಯೇ ಕಡಲಹಕ್ಕಿಗಳು ಗೂಡುಕಟ್ಟುವ ಸೇಂಟ್ ಬೀಸ್ ಬಂಡೆಗಳಿವೆ; ದಕ್ಷಿಣಕ್ಕೆ ಕೆಲವೇ ಮೈಲಿಗಳಲ್ಲಿ ಸೆಲ್ಲಾಫೀಲ್ಡಿನ ಅಣುಸ್ಥಾವರವಿದೆ.

ಊರವರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಸುಮಾರು 500 ಉದ್ಯೋಗಗಳು ದೊರೆಯುವುವೆಂದು ಕಂಪೆನಿಯು ಮಾತುಕೊಟ್ಟಿದ್ದಿತು. ಕೊನೆಯ ದೊಡ್ಡ ಗಣಿಯಾದ ಹೇಗ್ 1986ರಲ್ಲಿ ಮುಚ್ಚಿದಂದಿನಿಂದ ಕೆಲಸಕ್ಕಾಗಿ ಹಂಬಲಿಸಿದ ಪಟ್ಟಣಕ್ಕೆ ಇದು ಸಣ್ಣ ಮಾತಲ್ಲ. ಗಣಿಯ ಬೆಲೆಯನ್ನು ಆ ಜನರಿಗೆ ನಾವು ಕಲಿಸಬೇಕಾಗಿಯೂ ಇಲ್ಲ. 1910ರಲ್ಲಿ ವೆಲಿಂಗ್ಟನ್ ಗಣಿಯಲ್ಲಿ 136 ಮಂದಿ ಮಡಿದರು. 1947ನೆಯ ಆಗಸ್ಟ್ 15ರಂದು, ನಮ್ಮ ದೇಶವು ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದ ಅದೇ ದಿನ, ವಿಲಿಯಂ ಗಣಿಯ ಸ್ಫೋಟದಲ್ಲಿ 104 ಕಾರ್ಮಿಕರು ಪ್ರಾಣಬಿಟ್ಟರು. ಇಷ್ಟನ್ನು ಅನುಭವಿಸಿದವರೂ ಮತ್ತೆ ಗಣಿಯನ್ನು ಬಯಸಿದರೆಂದರೆ, ಬಡತನದ ಒತ್ತಡವು ಎಂತಹುದೆಂದು ಊಹಿಸಬಹುದು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರ ಮುಂದಿಟ್ಟ ಲೆಕ್ಕವು ಪೂರ್ಣವಾಗಿತ್ತೇ ಎಂಬುದೇ ನಮ್ಮ ಪ್ರಶ್ನೆ.

ಪೂರ್ಣವಾಗಿರಲಿಲ್ಲ. ಅಗೆಯುವಾಗ ಹೊರಡುವ ಅನಿಲ, ಯಂತ್ರಗಳ ವಿದ್ಯುತ್ತು, ಇವುಗಳ ಲೆಕ್ಕವಿತ್ತು. ಅಗೆದ ಕಲ್ಲಿದ್ದಲು ಉರಿದಾಗ ಏಳುವ ಹೊಗೆಯು ಲೆಕ್ಕದಿಂದ ಹೊರಗುಳಿದಿತ್ತು. ಒಂದು ಟನ್ ಕಲ್ಲಿದ್ದಲು ಉರಿದರೆ ಎರಡೂವರೆಯಿಂದ ಮೂರು ಟನ್ನಿನಷ್ಟು ಇಂಗಾಲಾಮ್ಲವು ಗಾಳಿಗೆ ಸೇರುತ್ತದೆ. ಈ ಗಣಿಯೊಂದರಿಂದಲೇ ವರ್ಷಕ್ಕೆ ಕಡಿಮೆಯೆಂದರೂ 70 ಲಕ್ಷ ಟನ್ನಿನ ಆಸುಪಾಸಾಯಿತು. ನಾವು ತೆಗೆಯದಿದ್ದರೆ ಅಮೆರಿಕದವರು ಅಷ್ಟನ್ನೇ ತೆಗೆಯುವರು, ಆದುದರಿಂದ ಲೋಕಕ್ಕೆ ಹೊಸ ಹೊರೆಯಿಲ್ಲ ಎಂಬುದು ಗಣಿಯ ಪಕ್ಷದ ವಾದ. ಪಕ್ಕದಂಗಡಿಯವನು ಹೇಗೂ ಕಲಬೆರಕೆ ಮಾಡುವನು, ಆದುದರಿಂದ ನನ್ನ ಕಲಬೆರಕೆಯು ದೋಷವಲ್ಲ ಎಂದಂತಾಯಿತು! 2024ನೆಯ ಜೂನ್ 20ರಂದು, ಸರ್ರೆ ಪ್ರಾಂತದ ಎಣ್ಣೆಬಾವಿಗಳ ಮೊಕದ್ದಮೆಯಲ್ಲಿ, ತೆಗೆದ ಎಣ್ಣೆಯನ್ನು ಉರಿಸಿದ ಫಲವೂ ಅದನ್ನು ತೆಗೆಯುವ ಯೋಜನೆಯ ಫಲವೇ ಎಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅದೇ ನ್ಯಾಯವು ವೈಟ್‌ಹೇವನ್ನಿಗೂ ಅನ್ವಯವಾಯಿತು. ಅಮೆರಿಕದ ಹೆಸರು ಹೇಳಿ ಹೊರೆಯನ್ನು ಸೊನ್ನೆಗಿಳಿಸುವ ವಾದವೂ ನಿಲ್ಲಲಿಲ್ಲ.

ಇನ್ನು ನಮ್ಮ ಮನೆಯ ಮಾತು. 2030ರೊಳಗಾಗಿ ವರ್ಷಕ್ಕೆ ಹತ್ತು ಕೋಟಿ ಟನ್ ಕಲ್ಲಿದ್ದಲನ್ನು ನೆಲದಡಿಯ ಗಣಿಗಳಿಂದ ತೆಗೆಯಬೇಕೆಂಬುದು ಭಾರತ ಸರಕಾರದ ಗುರಿ. ತೆರೆದ ಗಣಿಗಿಂತ ಇದರಿಂದ ಕಾಡಿಗೂ ಹೊಲಕ್ಕೂ ಕಡಿಮೆ ಹಾನಿಯೆಂಬುದು ನಿಜ. ಆದರೆ ಕೆಳಗಿನ ಆಸರೆಯು ಕುಸಿದರೆ ಮೇಲಿನ ನೆಲ ತಗ್ಗುವುದು, ಬಾವಿಗಳು ಬತ್ತುವುವು. ಝರಿಯಾದ ನೆಲದಡಿಯಲ್ಲಿ ನೂರು ವರ್ಷಗಳಿಗೂ ಮೀರಿ ಬೆಂಕಿ ಉರಿಯುತ್ತಿದೆ. ಕನ್ನಡ ನಾಡಿನಲ್ಲಿ ಕಲ್ಲಿದ್ದಲಿಲ್ಲ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಉರಿಯುವುದು ಸಿಂಗರೇಣಿ ಮೊದಲಾದ ಪರರ ನೆಲದಿಂದ ಬಂದ ಕಲ್ಲಿದ್ದಲೇ ಆಗಿದೆ. ದೀಪವು ನಮ್ಮದು, ಬಿರುಕು ಬಿಟ್ಟ ಗೋಡೆ ಅವರದು ಎಂದು ನಾವು ಸುಮ್ಮನಿರಲಾಗದು. ಗಣಿಯು ಮುಚ್ಚಿದ ಮೇಲೆ ಉಳಿಯುವುದೇನೆಂದು ಕೋಲಾರವು ನಮಗೆ ಕಲಿಸಿದೆ: 2001ರಲ್ಲಿ ಚಿನ್ನದ ಕೆಲಸ ನಿಂತಿತು, ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಮಾತ್ರ ಊರ ಮಗ್ಗುಲಲ್ಲೇ ನಿಂತಿವೆ.

ಆದುದರಿಂದ ನಮ್ಮ ಬೇಡಿಕೆಯು ಮಿತವಾದುದು, ಆದರೆ ಬಿಡತಕ್ಕುದಲ್ಲ. ಉರಿಯುವ ಹೊಗೆಯನ್ನು ಗಣಿಯ ಲೆಕ್ಕದಲ್ಲಿಯೇ ಬರೆಯತಕ್ಕದ್ದು. ಮೊದಲ ಗುದ್ದಲಿ ಬೀಳುವ ಮುನ್ನವೇ ಊರಿನ ಬಾವಿಗಳನ್ನೂ ನೆಲದ ಮಟ್ಟವನ್ನೂ ಅಳೆದಿಟ್ಟು, ವರ್ಷವರ್ಷದ ವ್ಯತ್ಯಾಸವನ್ನು ಊರವರ ಭಾಷೆಯಲ್ಲಿ ಅವರ ಮುಂದೆ ಓದತಕ್ಕದ್ದು. ಮುಚ್ಚುವ ವೆಚ್ಚಕ್ಕೆ ತೆಗೆದಿಟ್ಟ ಹಣವೆಷ್ಟೆಂಬುದನ್ನೂ ಅದೇ ಸಭೆಯಲ್ಲಿ ತಿಳಿಸತಕ್ಕದ್ದು. ಇಷ್ಟನ್ನು ಕೇಳಿದ ಮೇಲೂ ಊರು ಒಪ್ಪಿದರೆ ಅದು ಒಪ್ಪಿಗೆ. ಅರ್ಧ ಲೆಕ್ಕವನ್ನು ತೋರಿಸಿ ಪಡೆದ ಒಪ್ಪಿಗೆಗೆ ಬೇರೆಯೇ ಹೆಸರುಂಟು. ಬರಿಯ ಜಮೆಯನ್ನು ಬರೆದು ಖರ್ಚನ್ನು ಮೊಮ್ಮಕ್ಕಳ ಪುಟಕ್ಕೆ ಬಿಡುವ ಕಡತವನ್ನು ಯಾವ ಗೃಹಸ್ಥನೂ ಮನೆಯಲ್ಲಿಡಲಾರನು, ಸರಕಾರವೂ ಇಡಬಾರದು.